ಒಂದು ಕಪ್ ಕಾಫಿಗೆ ಇಡೀ ದಿನದ ಜಾಗ



ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ಲೇಖಕರ ವಿಳಾಸಗಳನ್ನೆಲ್ಲ ಕಲೆಹಾಕಿ ಅಚ್ಚು ಮಾಡುತ್ತಿದ್ದ ಒಂದು ಕೈಪಿಡಿ ಇತ್ತು. ಯಾವುದಾದರೂ ಲೇಖಕನಿಗೆ ಕಾಗದ ಬರೆಯಬೇಕಾದವರು ಅದನ್ನು ತೆರೆದು ನೋಡಿದರೆ ಬೀದಿಯ ಹೆಸರು, ಮನೆಯ ನಂಬರು ಸಿಗುತ್ತಿತ್ತು. ಪೀಟರ್ ಆಲ್ಟೆನ್‌ಬರ್ಗ್ ಎಂಬವನ ಹೆಸರಿನ ಮುಂದೆ ಮಾತ್ರ ಮನೆಯ ನಂಬರು ಇರಲಿಲ್ಲ. ವಿಯೆನ್ನಾ, ಹೆರೆನ್‌ಗಾಸೆ ಬೀದಿ, ಕಾಫೆ ಸೆಂಟ್ರಾಲ್ ಎಂದಿತ್ತು. ಅವನ ಅಂಚೆಯೆಲ್ಲ ಆ ಕಾಫಿ ಹೌಸಿಗೇ ಬರುತ್ತಿತ್ತು. ರಾತ್ರಿ ಮಲಗಲು ಯಾವುದೋ ಹೋಟೆಲಿನ ಒಂದು ಚಿಕ್ಕ ಕೋಣೆ. ಓದು, ಬರಹ, ಜಗಳ, ಸಾಲ, ಸ್ನೇಹ ಎಲ್ಲವೂ ಕಾಫಿ ಹೌಸಿನ ಮೇಜಿನ ಮುಂದೆ.

ಈ ಮನುಷ್ಯನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹುಟ್ಟಿದ್ದು 1859ರಲ್ಲಿ, ಅನುಕೂಲಸ್ಥ ಯಹೂದಿ ವ್ಯಾಪಾರಿಯ ಮನೆಯಲ್ಲಿ. ಇಟ್ಟ ಹೆಸರು ರಿಚರ್ಡ್ ಎಂಗ್ಲೆಂಡರ್. ಕಾನೂನು ಓದಲು ಹೋಗಿ ಬಿಟ್ಟ, ವೈದ್ಯಕೀಯಕ್ಕೆ ಸೇರಿ ಬಿಟ್ಟ, ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯಲು ನಿಂತು ಅದನ್ನೂ ಬಿಟ್ಟ. ಕಡೆಗೆ ಅಪ್ಪ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದಾಗ, ಇವನ ನರಮಂಡಲ ಅತಿ ಸೂಕ್ಷ್ಮ, ಯಾವ ನೌಕರಿಗೂ ಈತ ಒಗ್ಗುವವನಲ್ಲ ಎಂದು ವೈದ್ಯರು ಹೇಳಿಬಿಟ್ಟರು. ದೊಡ್ಡ ಮೀಸೆ, ಬೋಳುತಲೆ, ಚಳಿಗಾಲದಲ್ಲೂ ಕಾಲಿಗೆ ಮರದ ಚಪ್ಪಲಿ. ಮೇಜಿನ ಮುಂದೆ ಕೂತು ಕಂಡದ್ದನ್ನೆಲ್ಲ ಅರ್ಧ ಪುಟ, ಒಂದು ಪುಟದ ತುಣುಕುಗಳಾಗಿ ಬರೆಯುತ್ತಿದ್ದ: ಮಳೆಗೆ ನಿಂತ ಹೆಂಗಸು, ಕೆರೆಯಂಚಿನ ಮಕ್ಕಳು, ಪಕ್ಕದ ಮೇಜಿನ ಮಾತು. ಆ ಹಸ್ತಪ್ರತಿಗಳನ್ನು ಗೆಳೆಯ, ಲೇಖಕ ಕಾರ್ಲ್ ಕ್ರೌಸ್ ಬರ್ಲಿನ್ನಿನ ಫಿಷರ್ ಪ್ರಕಾಶನಕ್ಕೆ ಕಳಿಸಿದ. 1896ರಲ್ಲಿ ಮೊದಲ ಪುಸ್ತಕ ಹೊರಬಂತು. ಆಗ ಆಲ್ಟೆನ್‌ಬರ್ಗ್‌ಗೆ ಮೂವತ್ತೇಳು.

ಇಂಥವನೊಬ್ಬ ಲೇಖಕನಾಗಿ ಉಳಿದದ್ದು ಹೇಗೆ ಎನ್ನುವುದೇ ನನ್ನ ಇವತ್ತಿನ ವಿಷಯ. ಬೊಹೀಮಿಯನ್ ಬದುಕು ಎಂದ ಕೂಡಲೇ ಕೆದರಿದ ಕೂದಲು, ಹರಿದ ಕೋಟು, ರಾತ್ರಿಯೆಲ್ಲ ಚರ್ಚೆ, ಮನೆ ಮಠದ ಹಂಗಿಲ್ಲದ ಸ್ವಾತಂತ್ರ್ಯ ನೆನಪಿಗೆ ಬರುತ್ತವೆ. ಆ ಚಿತ್ರದಲ್ಲಿ ಬಾಡಿಗೆಯ ಲೆಕ್ಕ ಇಲ್ಲ, ಒಲೆಗೆ ಹಾಕುವ ಕಲ್ಲಿದ್ದಲಿನ ಲೆಕ್ಕ ಇಲ್ಲ. ನನಗೆ ಆ ಲೆಕ್ಕವೇ ಮುಖ್ಯವೆನಿಸುತ್ತದೆ. ವಿಯೆನ್ನಾದ ಕಾಫಿ ಹೌಸನ್ನು ಅರ್ಥ ಮಾಡಿಕೊಳ್ಳಬೇಕಾದರೆ ವಿಯೆನ್ನಾದ ಬಾಡಿಗೆ ಮನೆಗಳಿಂದಲೇ ಶುರು ಮಾಡಬೇಕು.

ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಮೂಲೆಮೂಲೆಯಿಂದ ಜನ ರಾಜಧಾನಿಗೆ ಬಂದು ಸೇರುತ್ತಿದ್ದರು. 1910ರ ಹೊತ್ತಿಗೆ ಊರಿನ ಜನಸಂಖ್ಯೆ 20 ಲಕ್ಷ ದಾಟಿತ್ತು. ಇರಲು ಮನೆ ಸಾಲದು. ಬಡವರ ವಠಾರಗಳಲ್ಲಿ ಒಂದು ಅಡುಗೆಮನೆ, ಒಂದು ಕೋಣೆ. ನೀರಿಗೆ ಓಣಿಯಲ್ಲಿದ್ದ ಒಂದೇ ನಲ್ಲಿ, ಅದಕ್ಕೆ ಇಡೀ ಮಹಡಿಯವರ ಸಾಲು. ಬಾಡಿಗೆ ಕಟ್ಟಲಾಗದ ಸಂಸಾರಗಳು ತಮ್ಮ ಹಾಸಿಗೆಯನ್ನೇ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದವು. ರಾತ್ರಿ ಪಾಳಿಯ ಕೂಲಿಯವನು ಹಗಲು ಅದರಲ್ಲಿ ಮಲಗಿದರೆ, ಹಗಲು ಪಾಳಿಯವನು ರಾತ್ರಿ. ವಿದ್ಯಾರ್ಥಿ, ಪತ್ರಕರ್ತ, ಹೊಸ ಕವಿ ಇವರ ಪಾಡು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಷ್ಟೆ. ಯಾರದೋ ಮನೆಯ ಹಿಂಬದಿಯ ಕೋಣೆ. ಬೆಳಕು ಕಡಿಮೆ, ಬೆಂಕಿ ಇಲ್ಲ. ಡಿಸೆಂಬರಿನಲ್ಲಿ ನೀರು ಹೆಪ್ಪುಗಟ್ಟುವ ಊರಿನಲ್ಲಿ ಅಂಥ ಕೋಣೆಯಲ್ಲಿ ಕೂತು ಬರೆಯಲು ಬೆರಳು ಬಾಗಬೇಕಲ್ಲ?

ಕಾಫಿ ಹೌಸಿನಲ್ಲಿ ಒಲೆ ಉರಿಯುತ್ತಿತ್ತು. ದೀಪ ಇತ್ತು. ಒಂದು ಕಪ್ ಕಾಫಿ ತರಿಸಿದರೆ ಸಾಕು, ರಾತ್ರಿಯವರೆಗೂ ಏಳಿ ಎನ್ನುವವರಿಲ್ಲ. ಮಾಣಿ ಬೆಳ್ಳಿಬಣ್ಣದ ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಲೋಟ ನೀರು ಇಟ್ಟು, ಲೋಟದ ಮೇಲೆ ಚಮಚವನ್ನು ಬೋರಲು ಹಾಕಿ ತರುತ್ತಿದ್ದ. ಕಾಫಿ ಮುಗಿದ ಮೇಲೂ ಕೇಳದೆಯೇ ಹೊಸ ನೀರು ಬರುತ್ತಲೇ ಇರುತ್ತಿತ್ತು. ಇನ್ನೂ ಕೂತಿರಿ ಎಂದು ಬಾಯಿಬಿಟ್ಟು ಹೇಳದೆ ಹೇಳುವ ಈ ಮರ್ಯಾದೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೀರಿನ ಲೋಟಕ್ಕೆ ಬಿಲ್ಲಿಲ್ಲ. ಆದರೆ ಅದನ್ನು ತಂದಿಡುತ್ತಿರುವ ತನಕ ಮುಂದೆ ಕೂತವನು ಗಿರಾಕಿಯೇ, ಭಿಕ್ಷುಕನಲ್ಲ.

ಇನ್ನು ಪತ್ರಿಕೆಗಳು. ಆಸ್ಟ್ರಿಯಾದಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ತನಕ ಪತ್ರಿಕೆಯ ಪ್ರತಿಯೊಂದು ಪ್ರತಿಯ ಮೇಲೂ ಸರ್ಕಾರ ಮುದ್ರಾಂಕದ ತೆರಿಗೆ ಹಾಕುತ್ತಿತ್ತು. ಪತ್ರಿಕೆ ಕೊಂಡು ಓದುವುದು ಸಾಮಾನ್ಯರಿಗೆ ದುಬಾರಿ. ಕಾಫಿ ಹೌಸಿನ ಮಾಲೀಕ ಅವನ್ನು ಎಲ್ಲರ ಪರವಾಗಿ ತರಿಸುತ್ತಿದ್ದ. 1720ರಷ್ಟು ಹಿಂದೆಯೇ ಕ್ರಾಮರ್ ಎಂಬವನ ಕಾಫಿ ಹೌಸಿನಲ್ಲಿ ಗಿರಾಕಿಗಳಿಗಾಗಿ ಪತ್ರಿಕೆ ಇಡುವ ಪದ್ಧತಿ ಶುರುವಾಗಿತ್ತು. ಬೆತ್ತದಂತೆ ಬಾಗಿಸಿದ ಮರದ ಹಿಡಿಕೆಗೆ ಸಿಕ್ಕಿಸಿದ ಪತ್ರಿಕೆಗಳು ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದವು: ವಿಯೆನ್ನಾದ್ದು, ಬುಡಾಪೆಸ್ಟಿನದ್ದು, ಪ್ಯಾರಿಸಿನದ್ದು, ಲಂಡನ್ನಿನದ್ದು. ವಾದ ಜೋರಾದರೆ ತೀರ್ಮಾನಕ್ಕೆ ವಿಶ್ವಕೋಶದ ಸಂಪುಟಗಳೂ ಇರುತ್ತಿದ್ದವು. ಲೇಖಕ ಸ್ಟೆಫಾನ್ ಜ್ವೈಗ್ ತನ್ನ ಆತ್ಮಕಥೆಯಲ್ಲಿ, ತಾನೂ ತನ್ನ ಶಾಲೆಯ ಗೆಳೆಯರೂ ಯೂರೋಪಿನ ಹೊಸ ಸಾಹಿತ್ಯ, ಚಿತ್ರಕಲೆ, ನಾಟಕದ ಸುದ್ದಿಯನ್ನೆಲ್ಲ ಕಲಿತದ್ದು ತರಗತಿಯಲ್ಲಲ್ಲ, ಈ ಪತ್ರಿಕೆಗಳಿಂದ ಎಂದು ಕೃತಜ್ಞತೆಯಿಂದ ನೆನೆಯುತ್ತಾನೆ.

ಕುರ್ಚಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಳೆಯ ಹೋಟೆಲುಗಳಲ್ಲೂ ಕ್ಲಬ್ಬುಗಳಲ್ಲೂ ಕಾಣುತ್ತಿದ್ದ, ಬಳ್ಳಿಯಂತೆ ಬಾಗಿದ ಬೆನ್ನಿನ ಮರದ ಕುರ್ಚಿ ನೆನಪಿದೆಯೇ? ಅದರ ಮೂಲ ಮೈಕೆಲ್ ತೋನೆಟ್‌ನ ಕಾರ್ಖಾನೆ. ಮರವನ್ನು ಹಬೆಯಲ್ಲಿ ಮೆದು ಮಾಡಿ ಬಾಗಿಸಿ, 1859ರಲ್ಲಿ ಅವನು ಹೊರತಂದ 14ನೆಯ ನಂಬರಿನ ಕುರ್ಚಿಗೆ ಬೇಕಾದದ್ದು ಆರೇ ಮರದ ತುಂಡು, ಒಂದಿಷ್ಟು ತಿರುಪು. ಬಿಡಿಸಿ ಕಟ್ಟಿದರೆ 36 ಕುರ್ಚಿ ಒಂದು ಘನ ಮೀಟರಿನ ಪೆಟ್ಟಿಗೆಗೆ ಹಿಡಿಸುತ್ತಿತ್ತು. ಅಗ್ಗ, ಹಗುರ, ಗಟ್ಟಿ. ಕಾಫಿ ಹೌಸಿನ ಎಲ್ಲ ಮೇಜಿನಲ್ಲೂ ಅದೇ ಕುರ್ಚಿ. ಮಂತ್ರಿಯಾದರೂ ಕೂರುವುದು ಅದರಲ್ಲೇ, ಕೋಟಿನ ತೋಳು ಹರಿದವನೂ ಅದರಲ್ಲೇ.

ವಿಯೆನ್ನಾಕ್ಕೆ ಕಾಫಿ ಬಂದ ಬಗೆಗೆ ಅಲ್ಲಿನವರು ಹೇಳುವ ಕತೆ ಚೆನ್ನಾಗಿದೆ. 1683ರಲ್ಲಿ ತುರ್ಕರು ಮುತ್ತಿಗೆ ತೆಗೆದು ಓಡಿಹೋದಾಗ ಬಿಟ್ಟ ಮೂಟೆಗಳಲ್ಲಿ ಹಸಿರು ಕಾಳು ಸಿಕ್ಕಿತು, ಗೂಢಚಾರ ಕೊಲ್ಷಿಟ್ಸ್ಕಿ ಅದನ್ನು ಗುರುತಿಸಿ ಮೊದಲ ಕಾಫಿ ಹೌಸ್ ತೆರೆದ ಎಂದು. ದಾಖಲೆ ಹೇಳುವುದು ಬೇರೆ. ಕಾಫಿ ಮಾರುವ ಮೊದಲ ಪರವಾನಗಿ 1685ರಲ್ಲಿ ಜೊಹಾನ್ನೆಸ್ ದಿಯೊದಾತೊ ಎಂಬ ಅರ್ಮೇನಿಯನ್ ವ್ಯಾಪಾರಿಗೆ ಸಿಕ್ಕಿತು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂದು ನಾವು ನಂಬಿಕೊಂಡು ಬಂದಿರುವ ಕಾಲವೂ ಹೆಚ್ಚುಕಡಿಮೆ ಅದೇ. ಅರಬ್ಬರ ನಾಡಿನಿಂದ ಹೊರಟ ಒಂದೇ ಕಾಳು ಇಲ್ಲಿ ಗಿಡವಾಯಿತು, ಅಲ್ಲಿ ಮೇಜು ಕುರ್ಚಿಯಾಯಿತು.

ಈಗ ಆ ಮೇಜುಗಳ ಸುತ್ತ ಕೂತವರ ಕಡೆ ಬರೋಣ. ಅರಮನೆಯ ಎದುರಿನ ಮಿಖಾಯಲರ್ ಚೌಕದಲ್ಲಿ 1847ರಲ್ಲಿ ಹೈನ್ರಿಖ್ ಗ್ರೀನ್‌ಸ್ಟೈಡ್ಲ್ ತೆರೆದ ಕಾಫಿ ಹೌಸ್ ಇತ್ತು. 1890ರ ಸುಮಾರಿಗೆ ಅಲ್ಲೊಂದು ಹೊಸ ಲೇಖಕರ ಗುಂಪು ಸೇರತೊಡಗಿತು. ವೈದ್ಯನಾಗಿದ್ದ ಆರ್ತರ್ ಷ್ನಿಟ್ಸ್‌ಲರ್, ಮುಂದೆ ಬ್ಯಾಂಬಿ ಎಂಬ ಜಿಂಕೆಮರಿಯ ಕತೆ ಬರೆದ ಫೆಲಿಕ್ಸ್ ಜಾಲ್ಟನ್, ಎಲ್ಲರಿಗೂ ಮುಂದಾಳಾಗಿದ್ದ ವಿಮರ್ಶಕ ಹರ್ಮನ್ ಬಾರ್. ಇದೇ ಬಾರ್ 1891ರಲ್ಲಿ ತನ್ನ ನಾಟಕದ ಮೇಲೆ ಲೋರಿಸ್ ಎಂಬ ಹೆಸರಿನಲ್ಲಿ ಬಂದ ಒಂದು ವಿಮರ್ಶೆ ಓದಿ ಬೆರಗಾದ. ಇಷ್ಟು ಪಕ್ವವಾಗಿ ಬರೆದವನಿಗೆ ನಲವತ್ತೈವತ್ತು ವಯಸ್ಸಾಗಿರಬೇಕು, ಲೋಕ ಸುತ್ತಿದವನಿರಬೇಕು ಎಂದುಕೊಂಡ. ಗ್ರೀನ್‌ಸ್ಟೈಡ್ಲ್‌ನಲ್ಲಿ ಕೂತಿದ್ದಾಗ ಮೀಸೆ ಚಿಗುರದ ಹುಡುಗನೊಬ್ಬ ಮೇಜಿನ ಬಳಿ ಬಂದು, ನಾನೇ ಲೋರಿಸ್ ಎಂದ. ಅವನು ಹ್ಯೂಗೊ ಫೊನ್ ಹಾಫ್‌ಮನ್‌ಸ್ಟಾಲ್. ವಯಸ್ಸು ಹದಿನೇಳು, ಇನ್ನೂ ಶಾಲೆಯ ವಿದ್ಯಾರ್ಥಿ; ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಶಾಲೆಯ ನಿಯಮ ಬಿಡುತ್ತಿರಲಿಲ್ಲ. ಮುಂದೆ ಜರ್ಮನ್ ಕಾವ್ಯದ ದೊಡ್ಡ ಹೆಸರಾದ ಈ ಹುಡುಗನಿಗೆ ಬೇರೆ ಎಲ್ಲಿ ಹೀಗೆ ಹಿರಿಯರ ಎದುರಿನ ಕುರ್ಚಿ ಸಿಗುತ್ತಿತ್ತು? ಸಭೆ, ಅಕಾಡೆಮಿ, ಯಾರದೋ ದಿವಾನಖಾನೆ ಎಲ್ಲಕ್ಕೂ ಶಿಫಾರಸು ಬೇಕು. ಕಾಫಿ ಹೌಸಿನ ಬಾಗಿಲಿಗೆ ಬೇಡ.

1897ರ ಜನವರಿಯಲ್ಲಿ ಗ್ರೀನ್‌ಸ್ಟೈಡ್ಲ್ ಇದ್ದ ಕಟ್ಟಡವನ್ನು ಕೆಡವಿದರು. ಆ ಹೊತ್ತಿಗೆ ಇಪ್ಪತ್ತೆರಡು ವರ್ಷದ ಕಾರ್ಲ್ ಕ್ರೌಸ್ ಇದೇ ಗುಂಪನ್ನು ಹರಿದು ಹಾಕುವ ಒಂದು ಲೇಖನಮಾಲೆ ಬರೆದ. ಕಾಫಿ ಹೌಸಿನ ಜೊತೆ ಅದರ ಸಾಹಿತ್ಯವೂ ಉರುಳಿತು ಎಂಬುದು ಅದರ ಧಾಟಿ. ಸಿಟ್ಟಿಗೆದ್ದ ಜಾಲ್ಟನ್ ಕ್ರೌಸ್‌ನ ಕೆನ್ನೆಗೆ ಬಾರಿಸಿದ. ಕ್ರೌಸ್‌ಗೆ ತಾನು ಬಯ್ಯುವ ಲೋಕವನ್ನು ಬಿಟ್ಟಿರಲು ಆಗಲಿಲ್ಲ. ಎರಡು ವರ್ಷದ ಮೇಲೆ ಸ್ವಂತ ಪತ್ರಿಕೆ ತೆಗೆದು, 1936ರಲ್ಲಿ ಸಾಯುವ ತನಕ ಅದನ್ನು ನಡೆಸಿದ. ಕಾಫಿ ಹೌಸಿಗೆ ಹೋಗುವುದನ್ನೂ ಬಿಡಲಿಲ್ಲ.

ಆರಂಭದಲ್ಲಿ ಹೇಳಿದ ಬೊಹೀಮಿಯನ್ ಬದುಕಿನ ಕತೆ ಮೊದಲು ಪ್ರಸಿದ್ಧವಾದದ್ದು ವಿಯೆನ್ನಾದಲ್ಲಲ್ಲ, ಪ್ಯಾರಿಸಿನಲ್ಲಿ. ಹೆನ್ರಿ ಮ್ಯೂರ್ಜೆ ಎಂಬ ಬಡ ದರ್ಜಿಯ ಮಗ 1845ರಿಂದ ಒಂದು ಪತ್ರಿಕೆಗೆ ತನ್ನ ಗೆಳೆಯರ ಬದುಕಿನ ಪ್ರಸಂಗಗಳನ್ನು ಬರೆದ. 1851ರಲ್ಲಿ ಅವು ಪುಸ್ತಕವಾದವು. ಅವನ ಗೆಳೆಯರ ಗುಂಪಿಗೆ ನೀರು ಕುಡಿಯುವವರು ಎಂದೇ ಹೆಸರು, ವೈನಿಗೆ ಕಾಸಿರಲಿಲ್ಲ. ಅವರು ಸೇರುತ್ತಿದ್ದದ್ದು ಕಾಫೆ ಮೋಮಸ್‌ನಲ್ಲಿ. ಅದೇ ಪುಸ್ತಕವನ್ನು ಆಧರಿಸಿ ಪುಚೀನಿ ರಚಿಸಿದ ಸಂಗೀತ ನಾಟಕ 1896ರ ಫೆಬ್ರವರಿಯಲ್ಲಿ ಟ್ಯೂರಿನ್‌ನಲ್ಲಿ ರಂಗಕ್ಕೆ ಬಂತು. ಅಲ್ಲಿಂದ ಬಡ ಕಲಾವಿದನ ಮೇಲ್ಮಹಡಿಯ ಕೋಣೆ, ಕೆಮ್ಮುವ ಪ್ರೇಯಸಿ, ಆರಿದ ಒಲೆ ಇವೆಲ್ಲ ಲೋಕಕ್ಕೆ ಚಂದದ ವಸ್ತುಗಳಾದವು. ಮ್ಯೂರ್ಜೆ ಮಾತ್ರ ಅದನ್ನು ಚಂದವೆಂದು ಹೇಳಿರಲಿಲ್ಲ. ಈ ದಾರಿ ಒಂದೋ ಅಕಾಡೆಮಿಗೆ, ಇಲ್ಲವೇ ಧರ್ಮಾಸ್ಪತ್ರೆಗೆ, ಇಲ್ಲವೇ ಶವಾಗಾರಕ್ಕೆ ಹೋಗುತ್ತದೆ ಎಂದು ಪುಸ್ತಕದ ಮುನ್ನುಡಿಯಲ್ಲೇ ಎಚ್ಚರಿಸಿದ್ದ. ಅವನೇ 1861ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಸತ್ತ. ಬಡತನ ಪ್ರತಿಭೆಯನ್ನು ಹೊಳಪಿಸುತ್ತದೆ ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಡತನ ಕೊಲ್ಲುತ್ತದೆ. ಕೊಲ್ಲದಂತೆ ತಡೆದದ್ದು ಬೆಚ್ಚಗಿನ ಒಂದು ಜಾಗ, ಸಾಲ ಬರೆದುಕೊಳ್ಳುವ ಒಬ್ಬ ಮಾಣಿ, ಕೈಸಾಲ ಕೊಡುವ ನಾಲ್ವರು ಗೆಳೆಯರು.

ಗ್ರೀನ್‌ಸ್ಟೈಡ್ಲ್ ಹೋದ ಮೇಲೆ ವಿಯೆನ್ನಾದ ಲೇಖಕರ ಗುಂಪು ನಾಲ್ಕು ಹೆಜ್ಜೆ ಆಚೆಯ ಕಾಫೆ ಸೆಂಟ್ರಾಲ್‌ಗೆ ಬಂತು. 1876ರಲ್ಲಿ ತೆರೆದ ಜಾಗ; ಎತ್ತರದ ಕಂಬಗಳು, ಕಮಾನಿನ ಚಾವಣಿ, ಒಂದು ಕಾಲಕ್ಕೆ ಷೇರುಪೇಟೆಯಿದ್ದ ಕಟ್ಟಡ. ಅಲ್ಲಿ ಚದುರಂಗದ್ದೇ ಒಂದು ಲೋಕ. 1907ರಿಂದ 1914ರ ತನಕ ವಿಯೆನ್ನಾದಲ್ಲಿ ದೇಶಭ್ರಷ್ಟನಾಗಿದ್ದ ರಷ್ಯಾದ ಕ್ರಾಂತಿಕಾರಿ ಲಿಯಾನ್ ಟ್ರಾಟ್‌ಸ್ಕಿ, ಹುಟ್ಟು ಹೆಸರಿನಲ್ಲಿ ಬ್ರಾನ್‌ಸ್ಟೈನ್, ಅಲ್ಲಿ ಆಟಕ್ಕೆ ಕೂರುತ್ತಿದ್ದ. ರಷ್ಯಾದಲ್ಲಿ ಕ್ರಾಂತಿ ಆಗಬಹುದೆಂದು ಯಾರೋ ಹೇಳಿದಾಗ ಆಸ್ಟ್ರಿಯಾದ ಒಬ್ಬ ಮಂತ್ರಿ, ಯಾರು ಮಾಡುತ್ತಾರೆ, ಸೆಂಟ್ರಾಲ್‌ನಲ್ಲಿ ಕೂರುವ ಆ ಬ್ರಾನ್‌ಸ್ಟೈನ್ ಮಾಡುತ್ತಾನೆಯೇ ಎಂದು ನಕ್ಕನಂತೆ. ಇದು ಬಾಯಿಂದ ಬಾಯಿಗೆ ಬಂದ ಕತೆ. ಟ್ರಾಟ್‌ಸ್ಕಿ ಸ್ವತಃ ಬರೆದದ್ದು ಇನ್ನೂ ಸ್ವಾರಸ್ಯ: ಸೆಂಟ್ರಾಲ್‌ನಲ್ಲಿ ತನಗೆ ಪರಿಚಯವಾದ ಅಲ್ಲಿನ ಸಮಾಜವಾದಿ ಮುಖಂಡರು ಬಹಳ ಓದಿದವರು, ಆದರೆ ಕ್ರಾಂತಿಕಾರಿಗಳಲ್ಲ ಎಂದು ಅವನಿಗೆ ಬೇಗನೆ ತಿಳಿಯಿತು. ಸೆಂಟ್ರಾಲ್‌ನ ಬಗ್ಗೆಯೇ ಪ್ರಬಂಧ ಬರೆದ ಆಲ್ಫ್ರೆಡ್ ಪೋಲ್ಗರ್ ಕೂಡ, ಆ ಜನರ ಒಂಟಿತನವನ್ನೂ ಕೈಲಾಗದತನವನ್ನೂ ಮುಚ್ಚಿಡಲಿಲ್ಲ. ಕೂತು ಮಾತಾಡಿ ಮಾತಾಡಿಯೇ ಮುಗಿದುಹೋದವರು ಅಲ್ಲಿ ಎಷ್ಟೋ ಜನ.

ಮೇಜಿನ ಮಾತು ಮೇಜಿನಲ್ಲೇ ಮುಗಿಯದ ಉದಾಹರಣೆಯೂ ಇದೆ. ಆಲ್ಟೆನ್‌ಬರ್ಗ್ ಚಿತ್ರದ ಅಂಚೆಕಾರ್ಡುಗಳ ಮೇಲೆ ಬರೆಯುತ್ತಿದ್ದ ಪುಟ್ಟ ಸಾಲುಗಳಿಗೆ ಯುವ ಸಂಗೀತಗಾರ ಆಲ್ಬನ್ ಬರ್ಗ್ ರಾಗ ಹಾಕಿದ. 1913ರ ಮಾರ್ಚ್ 31ರಂದು ವಿಯೆನ್ನಾದ ದೊಡ್ಡ ಸಂಗೀತ ಸಭಾಂಗಣದಲ್ಲಿ, ಸಂಗೀತ ರಚನಕಾರ ಷೋನ್‌ಬರ್ಗ್‌ನ ನಿರ್ದೇಶನದಲ್ಲಿ ಆ ಹಾಡುಗಳು ಕೇಳಿಬಂದಾಗ ಸಭಿಕರು ಕೂಗಾಡಿ, ಕೈಕೈ ಮಿಲಾಯಿಸಿ, ಪೊಲೀಸರು ಬಂದು ಕಛೇರಿಯನ್ನೇ ನಿಲ್ಲಿಸಬೇಕಾಯಿತು. ಅಂಚೆಕಾರ್ಡಿನ ಹಿಂದಿನ ನಾಲ್ಕು ಸಾಲು, ಇಪ್ಪತ್ತನೆಯ ಶತಮಾನದ ಸಂಗೀತದ ಚರಿತ್ರೆಯಲ್ಲಿ ಹೀಗೆ ಒಂದು ಗಲಾಟೆಯಾಗಿ ಉಳಿಯಿತು.

ಈ ಲೋಕವನ್ನು ಹೊಗಳುವಾಗ ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ಬಾಗಿಲು ತೆರೆದಿತ್ತು ಎನ್ನುವ ಆ ಎಲ್ಲರಲ್ಲಿ ಹೆಂಗಸರು ಬಹುಕಾಲ ಸೇರಿರಲಿಲ್ಲ. ಹಿಂದೆ ಕಾಫಿ ಹೌಸಿನಲ್ಲಿ ಕಾಣುತ್ತಿದ್ದ ಒಬ್ಬಳೇ ಹೆಂಗಸು ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಂಗಸರು ಬಂದು ಕೂರುವುದು ಸಾಮಾನ್ಯವಾಗಿತ್ತು, ನಿಜ. ಆದರೆ ಗಂಡಸರ ಮೇಜಿನಲ್ಲಿ ಅವರು ಮಾತಿನ ವಸ್ತುವಾದಷ್ಟು ಮಾತಿನ ಪಾಲುದಾರರಾಗಲಿಲ್ಲ. ಆಲ್ಟೆನ್‌ಬರ್ಗ್ ಎಳೆಯ ಹುಡುಗಿಯರನ್ನು ಆರಾಧಿಸಿ ಬರೆದ ಪುಟಗಳನ್ನು ಇವತ್ತು ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಅವನ ಕಣ್ಣಿನ ಸೂಕ್ಷ್ಮ ದೊಡ್ಡದು; ಆ ಕಣ್ಣಿಗೆ ಎದುರಿನ ಹುಡುಗಿಯ ಸ್ವಂತ ಬದುಕು ಕಾಣಲಿಲ್ಲ ಎನ್ನುವುದೂ ಅಷ್ಟೇ ನಿಜ. 1919ರ ಜನವರಿಯಲ್ಲಿ ಅವನು ತೀರಿಕೊಂಡ. ಕ್ರೌಸ್ ಸಮಾಧಿಯ ಬಳಿ ಮಾತಾಡಿದ. ವಾಸ್ತುಶಿಲ್ಪಿ ಆಡಾಲ್ಫ್ ಲೋಸ್ ಸಮಾಧಿಯ ಶಿಲುಬೆಯನ್ನು ರೂಪಿಸಿದ. ಇಬ್ಬರೂ ಮೇಜಿನ ಗೆಳೆಯರೇ.

ಅಷ್ಟರಲ್ಲಿ ಮಹಾಯುದ್ಧ ಮುಗಿದು ಸಾಮ್ರಾಜ್ಯ ಚೂರಾಗಿತ್ತು. ಸೆಂಟ್ರಾಲ್‌ನ ಪಕ್ಕದಲ್ಲೇ 1918ರಲ್ಲಿ ಕಾಫೆ ಹೆರೆನ್‌ಹಾಫ್ ತೆರೆಯಿತು. ಹೊಸ ತಲೆಮಾರು ಅಲ್ಲಿಗೆ ಹೋಯಿತು: ರಾಬರ್ಟ್ ಮೂಸಿಲ್, ಹರ್ಮನ್ ಬ್ರೋಖ್, ಫ್ರಾನ್ಜ್ ವರ್ಫೆಲ್. ಅಲ್ಲಿನ ಒಬ್ಬ ಮಾಣಿ ಕಂದುಬಣ್ಣದ ಇಪ್ಪತ್ತು ಛಾಯೆಗಳಿಗೆ ನಂಬರು ಹಾಕಿದ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ, ಗಿರಾಕಿಗಳು ಕಾಫಿಗೆ ಹಾಲು ಎಷ್ಟು ಎನ್ನುವುದನ್ನು ನಂಬರಿನಲ್ಲೇ ಹೇಳುತ್ತಿದ್ದರು ಎಂದು ಲೇಖಕ ಫ್ರೀಡ್ರಿಖ್ ಟೋರ್‌ಬರ್ಗ್ ನೆನಪಿಸಿಕೊಂಡಿದ್ದಾನೆ. ಇದೇ ಕಾಲದಲ್ಲಿ ವಿಯೆನ್ನಾದ ನಗರಸಭೆ 60,000ಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿ ಬಡವರಿಗೆ ಕೊಟ್ಟಿತು. ಹಾಸಿಗೆ ಬಾಡಿಗೆಯ ಕಾಲ ನಿಧಾನವಾಗಿ ಹಿಂದೆ ಸರಿಯತೊಡಗಿತು.

ಆಮೇಲೆ 1938ರ ಮಾರ್ಚ್. ಹಿಟ್ಲರನ ಸೇನೆ ಒಳಗೆ ಬಂತು. ಕಾಫಿ ಹೌಸಿನ ಲೋಕವನ್ನು ಕಟ್ಟಿದವರಲ್ಲಿ ಮಾಲೀಕರು, ಲೇಖಕರು, ಓದುಗರು ಎಷ್ಟೋ ಮಂದಿ ಯಹೂದಿಗಳು. ಸೆಂಟ್ರಾಲ್‌ನ ಹಳೆಯ ಮೇಜಿನವನೂ ಆಧುನಿಕ ಯುಗದ ಸಂಸ್ಕೃತಿ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದವನೂ ಆದ ಎಗೋನ್ ಫ್ರೀಡೆಲ್‌ನ ಮನೆಬಾಗಿಲಿಗೆ ಮಾರ್ಚ್ 16ರಂದು ನಾಜಿ ದಂಡಿನವರು ಬಂದರು. ಅರವತ್ತು ವರ್ಷದ ಫ್ರೀಡೆಲ್ ಕಿಟಕಿಯಿಂದ ಹಾರಿದ. ಹಾರುವ ಮುಂಚೆ ಕೆಳಗೆ ಬೀದಿಯಲ್ಲಿದ್ದವರನ್ನು ಪಕ್ಕಕ್ಕೆ ಸರಿಯಿರೆಂದು ಕೂಗಿ ಎಚ್ಚರಿಸಿದ. ಹಾಸ್ಯನಟ ಫ್ರಿಟ್ಸ್ ಗ್ರೂನ್‌ಬಾಮ್ 1941ರಲ್ಲಿ ಡಾಖಾವ್ ಶಿಬಿರದಲ್ಲಿ ಸತ್ತ. ಕವಿ ಪೀಟರ್ ಹಾಮರ್‌ಷ್ಲಾಗ್‌ನನ್ನು ಆಶ್‌ವಿಟ್ಸ್‌ನಲ್ಲಿ ಕೊಂದರು. ಜ್ವೈಗ್ 1942ರಲ್ಲಿ ಬ್ರೆಜಿಲ್‌ನಲ್ಲಿ ಹೆಂಡತಿಯೊಡನೆ ಪ್ರಾಣ ಬಿಟ್ಟ. ಪೋಲ್ಗರ್ ಅಮೆರಿಕದವರೆಗೂ ಓಡಿ, ಯುದ್ಧದ ಮೇಲೆ ಯೂರೋಪಿಗೆ ಮರಳಿ, ಜ್ಯೂರಿಕ್‌ನ ಹೋಟೆಲ್ ಕೋಣೆಯೊಂದರಲ್ಲಿ 1955ರಲ್ಲಿ ತೀರಿಕೊಂಡ. ಕಟ್ಟಡಗಳು ಉಳಿದವು. ಸೆಂಟ್ರಾಲ್ ಇವತ್ತೂ ಇದೆ. ಪ್ರವಾಸಿಗರು ಹೊರಗೆ ಸಾಲು ನಿಲ್ಲುತ್ತಾರೆ, ಬಾಗಿಲ ಬಳಿ ಆಲ್ಟೆನ್‌ಬರ್ಗ್‌ನ ಬೊಂಬೆಯನ್ನು ಕೂರಿಸಿದ್ದಾರೆ. ಕಾದು ನಿಂತವರ ಸಾಲು ಬಾಗಿಲಲ್ಲಿರುವಾಗ ಒಂದು ಕಪ್ಪಿನ ಮುಂದೆ ಇಡೀ ದಿನ ಯಾರು ತಾನೆ ಕೂತಾರು? ಹೋದದ್ದು ಆ ಜನ ಮತ್ತು ಅವರಿಗೆ ಸಿಗುತ್ತಿದ್ದ ಪುರುಸೊತ್ತು.

ಆದರೂ ಒಂದು ಕಡೆ ಆ ಪದ್ಧತಿ ಮತ್ತೆ ಚಿಗುರಿತು. ಲಿಯೋಪೋಲ್ಡ್ ಹವೆಲ್ಕಾ ಮತ್ತು ಅವನ ಹೆಂಡತಿ ಯೊಸೆಫೀನೆ 1939ರಲ್ಲಿ ಡೊರೊಥೇರ್‌ಗಾಸೆ ಎಂಬ ಓಣಿಯಲ್ಲಿ ಚಿಕ್ಕದೊಂದು ಕಾಫಿ ಹೌಸ್ ತೆರೆದಿದ್ದರು. ಯುದ್ಧ ಶುರುವಾಗಿ ಅವನನ್ನು ಸೈನ್ಯಕ್ಕೆ ಕರೆದರು, ಬಾಗಿಲು ಮುಚ್ಚಿತು. 1945ರಲ್ಲಿ ಹಿಂತಿರುಗಿ ನೋಡಿದರೆ ಊರು ಬಾಂಬಿಗೆ ಸಿಕ್ಕಿ ಹಾಳಾಗಿದ್ದರೂ ಅವರ ಅಂಗಡಿ ಗಟ್ಟಿಯಾಗಿತ್ತು. ಕಲ್ಲಿದ್ದಲು ಸಿಗದ ಕಾಲ. ಲಿಯೋಪೋಲ್ಡ್ ಊರಾಚೆಯ ಕಾಡಿನಿಂದ ಸೌದೆ ತರುತ್ತಿದ್ದ, ಯೊಸೆಫೀನೆ ಆ ಒಲೆಯಲ್ಲಿ ಕಾಫಿ ಕಾಯಿಸುತ್ತಿದ್ದಳು. ಬೆಚ್ಚಗಾಗಲೆಂದು ಬಂದವರಲ್ಲಿ ಹೊಸ ಕವಿಗಳು, ಚಿತ್ರಕಾರರು ಇದ್ದರು. ಗೋಡೆಗಳ ತುಂಬ ಅವರ ಚಿತ್ರಗಳು, ಭಿತ್ತಿಪತ್ರಗಳು ಬಂದವು. ಕಾಫಿಯ ಬಾಕಿಗೆ ಬದಲಾಗಿ ಕೊಟ್ಟವೂ ಅದರಲ್ಲಿವೆ ಎನ್ನುತ್ತಾರೆ. ರಾತ್ರಿ ಹೊತ್ತು ಮೀರಿದ ಮೇಲೆ ಯೊಸೆಫೀನೆ ಪ್ಲಮ್ ಹಣ್ಣಿನ ಪಾಕ ತುಂಬಿದ ಬುಖ್ಟೆಲ್ನ್ ಎಂಬ ಬನ್ನುಗಳನ್ನು ಬಿಸಿಬಿಸಿಯಾಗಿ ಒಲೆಯಿಂದ ತೆಗೆದು, ಯಾವ ಮೇಜಿನಲ್ಲಿ ಯಾರ ಪಕ್ಕ ಜಾಗವಿದೆ ಎಂದು ನೋಡಿ ಗುರುತಿಲ್ಲದವರನ್ನೂ ಒಟ್ಟಿಗೆ ಕೂರಿಸುತ್ತಿದ್ದಳು. ಅವಳು 2005ರಲ್ಲಿ ತೀರಿಕೊಂಡಳು. ಲಿಯೋಪೋಲ್ಡ್ ನೂರು ವರ್ಷ ತುಂಬಿಸಿಕೊಂಡು 2011ರ ಡಿಸೆಂಬರಿನಲ್ಲಿ ಹೋದ. ಅವರ ಮಗ ತಾಯಿಯ ಕೈಯಿಂದ ಕಲಿತ ಬನ್ನುಗಳನ್ನು ಮಾಡುವುದನ್ನು ಮುಂದುವರಿಸಿದ, ಕಾಫಿ ಹೌಸ್ ಅದೇ ಮನೆತನದವರ ಕೈಯಲ್ಲಿ ಉಳಿಯಿತು.